ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆಯೇ?

ಮನೆಯಲ್ಲಿ ಒಬ್ಬರು ಕೆಲವು ವಾರಗಳಿಂದ ಮಂಕಾಗಿದ್ದಾರೆ. ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ. 'ನಾನಿದ್ದು ಯಾರಿಗೇನು ಪ್ರಯೋಜನ' ಎಂಬ ಮಾತು ಒಂದೆರಡು ಸಲ ಬಾಯಿಂದ ಬಂದಿದೆ. ಮನೆಯವರಿಗೆಲ್ಲ ಒಳಗೊಳಗೇ ಆತಂಕ, ಆದರೆ ಕೇಳಲು ಭಯ. 'ಇಲ್ಲದ್ದನ್ನು ತಲೆಗೆ ತುಂಬಬೇಡ, ಸುಮ್ಮನಿರು' ಎಂದು ಯಾರಾದರೂ ತಡೆಯುತ್ತಾರೆ. ಈ ನಂಬಿಕೆ ನಿಜವೇ?

ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ಪ್ರಶ್ನೆ ಕೇಳಲಾಯಿತು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ, ಪ್ರಶ್ನೆ ಕೇಳಿಸಿಕೊಂಡವರಲ್ಲಿ ಅಂಥ ಯೋಚನೆ ಹೆಚ್ಚಿರಲಿಲ್ಲ. ಖಿನ್ನತೆಯಲ್ಲಿದ್ದ ಮಕ್ಕಳಲ್ಲಂತೂ ಕೇಳಿಸಿಕೊಂಡವರ ಸಂಕಟವೇ ತುಸು ಕಡಿಮೆಯಿತ್ತು.

ಹಾನಿ ಮಾಡುವುದು ಬೇರೆಯದು. ಸಾವಿನ ಫೋಟೊ, ವಿಡಿಯೊ, ಹೇಗೆ ಸತ್ತರು ಎಂಬ ವಿವರಗಳು ನೊಂದವರನ್ನು ಅದೇ ದಾರಿಗೆ ಎಳೆಯಬಹುದು. ವಿಚಿತ್ರ ಎಂದರೆ, ಅಂಥ ವಿಡಿಯೊವನ್ನು ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುವ ನಾವೇ ಪಕ್ಕದ ಕೋಣೆಯಲ್ಲಿರುವವರನ್ನು ಕೇಳಲು ಹಿಂಜರಿಯುತ್ತೇವೆ.

ಹೇಗೆ ಕೇಳುವುದು? 'ನಿನಗೆ ಹಾಗೆಲ್ಲ ಏನೂ ಅನ್ನಿಸ್ತಿಲ್ಲ ತಾನೇ?' ಎಂದರೆ ಉತ್ತರ 'ಇಲ್ಲ' ಎಂದೇ ಬರುತ್ತದೆ, ಏಕೆಂದರೆ ನಮಗೆ ಬೇಕಾದ ಉತ್ತರವನ್ನು ನಾವೇ ಹೇಳಿಕೊಟ್ಟಿರುತ್ತೇವೆ. ಬೇರೆ ಯಾರೂ ಇಲ್ಲದಾಗ, ಫೋನ್ ಬದಿಗಿಟ್ಟು ಹೀಗೆ ಕೇಳಬಹುದು: 'ಇಷ್ಟು ಕಷ್ಟದಲ್ಲಿರುವಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತೆ. ನಿನಗೂ ಹಾಗನ್ನಿಸ್ತಿದೆಯಾ?' ಆಮೇಲೆ ಸುಮ್ಮನೆ ಕಾಯಿರಿ. ಮೌನ ಉದ್ದವಾದರೂ ಪರವಾಗಿಲ್ಲ.

'ಹೌದು' ಎಂದರೆ ಗಾಬರಿಯಲ್ಲಿ ಬಾಯಿಗೆ ಬರುವ ಮಾತು 'ನಿನಗೇನು ಕಡಿಮೆ ಮಾಡಿದ್ದೇವೆ?', 'ಮಕ್ಕಳ ಮುಖ ನೋಡು'. ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಕೇಳುವವರಿಗೆ ಅದು ಆರೋಪದಂತೆ ತಟ್ಟುತ್ತದೆ. 'ಹೇಳಿದ್ದು ಒಳ್ಳೆಯದಾಯ್ತು, ನಾನಿದ್ದೀನಿ' ಎಂದರೆ ಸದ್ಯಕ್ಕೆ ಸಾಕು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ. ಆ ಯೋಚನೆಯ ತೀವ್ರತೆ ಏರಿಳಿಯುತ್ತಿರುತ್ತದೆ, ಏರಿದ ಹೊತ್ತಿನಲ್ಲಿ ಅವು ಕೈಗೆ ಸಿಗದಿದ್ದರೆ ಜೀವ ಉಳಿಯಬಹುದು.

ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಕೇಳಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ, ಚಿಕಿತ್ಸೆ ಬೇಕೇ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೊಂದವರೇ ಮಾಡಬೇಕೆಂದಿಲ್ಲ, ಏನು ಮಾಡುವುದೆಂದು ತೋಚದ ಮನೆಯವರೂ ಕರೆ ಮಾಡಬಹುದು. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.