ಎಪ್ಪತ್ತೆರಡರಲ್ಲೊಂದು: ಮಾದರಿ ವಿಮಾನಗಳ ಹವ್ಯಾಸ

ಮಾದರಿ ವಿಮಾನ ಕಟ್ಟುವವರಲ್ಲಿ 1:72 ಎಂಬ ಅನುಪಾತ ಬಹಳ ಪ್ರಚಲಿತ. ವಿಚಿತ್ರವೆನಿಸುವ ಈ ಸಂಖ್ಯೆಯ ಮೂಲ ಅಡಿ, ಅಂಗುಲಗಳ ಲೆಕ್ಕದಲ್ಲಿದೆ: ಆರಡಿ ಎತ್ತರದ ಮನುಷ್ಯ ಈ ಅಳತೆಯಲ್ಲಿ ಒಂದಂಗುಲವಾಗುತ್ತಾನೆ. 11.23 ಮೀಟರ್ ರೆಕ್ಕೆಹರವಿನ ಸ್ಪಿಟ್‌ಫೈರ್ ಯುದ್ಧವಿಮಾನ ಸುಮಾರು 156 ಮಿಲಿಮೀಟರಿಗೆ ಇಳಿದು ಅಂಗೈ ಮೇಲೆ ಕೂರುತ್ತದೆ.

ಈ ಆಟಿಕೆಗಳ ಮೇಲೆ ಒಮ್ಮೆ ಜೀವಗಳೇ ಅವಲಂಬಿಸಿದ್ದವು. 1942ರಲ್ಲಿ ಅಮೆರಿಕದ ನೌಕಾಪಡೆಯು ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ಇದೇ ಅಳತೆಯ ಐದು ಲಕ್ಷ ಮರದ ಮಾದರಿಗಳನ್ನು ಬಯಸಿತು. 35 ಅಡಿ ದೂರದಲ್ಲಿಟ್ಟ ಮಾದರಿ ಸುಮಾರು ಅರ್ಧ ಮೈಲಿಯಾಚೆಯ ನಿಜವಿಮಾನದಷ್ಟೇ ಗಾತ್ರದಲ್ಲಿ ಕಾಣುತ್ತದೆ. ಆಗಸದಲ್ಲಿರುವುದು ತಮ್ಮದೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸಲು ಸೈನಿಕರು ಇವುಗಳಿಂದ ಕಣ್ಣು ಪಳಗಿಸಿಕೊಂಡರು.

ಯುದ್ಧಾನಂತರ ಮರದ ಸ್ಥಾನಕ್ಕೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಂದಿತು. ಇದನ್ನು ಕೂಡಿಸುವ ಸಿಮೆಂಟು ಬರಿಯ ಅಂಟಲ್ಲ. ಅದರಲ್ಲಿನ ದ್ರಾವಕವು ಎರಡೂ ಅಂಚುಗಳನ್ನು ಕರಗಿಸುತ್ತದೆ. ಆರಿದಾಗ ಅವು ಬೆಸೆದು ಒಂದೇ ತುಂಡಾಗಿರುತ್ತವೆ, ಮುರಿದ ಮೂಳೆ ಕೂಡಿಕೊಂಡಂತೆ. ಅತಿಯಾಗಿ ಹಚ್ಚಿದರೆ ರೆಕ್ಕೆಯ ಮೇಲಿನ ನವಿರಾದ ಗೆರೆಗಳೂ ಕರಗಿಹೋಗುತ್ತವೆ.

ವೈದ್ಯನ ಕಣ್ಣಿಗೆ ಇಲ್ಲೇ ಅಪಾಯ ಕಾಣುವುದು. ಕೆಲವು ಸಿಮೆಂಟುಗಳಲ್ಲಿರುವ ಟಾಲ್ಯುಯೀನಿನಂತಹ ದ್ರಾವಕಗಳ ಆವಿ ನರಮಂಡಲವನ್ನು ಮಂಕಾಗಿಸುತ್ತದೆ. ತಲೆನೋವು, ತಲೆಸುತ್ತು ಆರಂಭದ ಸೂಚನೆಗಳು. ಚಳಿನಾಡುಗಳಲ್ಲಿ ಈ ಹವ್ಯಾಸ ಕುದುರುವುದೇ ಕಿಟಕಿ ಮುಚ್ಚಿದ ತಿಂಗಳುಗಳಲ್ಲಿ. ಆವಿಯನ್ನು ಹೊರಗೆಳೆಯುವ ಫ್ಯಾನಿಲ್ಲದ ಕೋಣೆಯಲ್ಲಿ, ಹಿಮ ಬೀಳುತ್ತಿದ್ದರೂ, ಸೀಸೆಯ ಮುಚ್ಚಳ ತೆರೆಯುವ ಮೊದಲು ಕಿಟಕಿ ತೆರೆಯಬೇಕು. ದೂಳು ತಡೆಯುವ ಸಾಧಾರಣ ಮುಖಗವಸು ಈ ಆವಿಯನ್ನು ತಡೆಯದು.