ಹೃದಯದ ಪೊಟ್ಯಾಸಿಯಮ್‌ಗೆ ರುಬಿಡಿಯಮ್ ಸಾಕ್ಷಿ

ನಿಮ್ಮ ಹೃದಯದ ಸ್ನಾಯುಕೋಶದೊಳಗೆ ಪೊಟ್ಯಾಸಿಯಮ್ ಅಯಾನುಗಳ ಸಾರತೆ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗಿನ ದ್ರವದಲ್ಲಿ ಅದು 4ರಿಂದ 5 ಮಾತ್ರ. ಪ್ರತಿ ಬಡಿತದಲ್ಲೂ ಒಂದಿಷ್ಟು ಹೊರಗೆ ಸೋರುತ್ತದೆ. ಅದನ್ನು ಮರಳಿ ಒಳಗೆ ತರುವ ಪಂಪ್ ಒಂದು ಕಿಣ್ವವೆಂದು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಕಂಡುಕೊಂಡರು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಪೊಟ್ಯಾಸಿಯಮ್ ಹೊರಬಿದ್ದು ಬಡಿತದ ಲಯವೇ ಕೆಡುತ್ತದೆ. ಹಾಗಾದರೆ, ಮಿಡಿಯುತ್ತಿರುವ ಹೃದಯದಲ್ಲಿ ಈ ಸಾಗಣೆಯ ವೇಗವನ್ನು ಅಳೆಯುವುದು ಹೇಗೆ?

ಅಂಗಾಂಶವನ್ನು ಆಮ್ಲದಲ್ಲಿ ಕರಗಿಸಿ ವಿಶ್ಲೇಷಿಸಿದರೆ ಮೊತ್ತ ಸಿಗುತ್ತದೆ, ವೇಗ ಸಿಗುವುದಿಲ್ಲ. ವಿಕಿರಣಶೀಲ ಪೊಟ್ಯಾಸಿಯಮ್-42ರ ಅರ್ಧಾಯು ಸುಮಾರು 12 ಗಂಟೆ. ದೀರ್ಘ ಪ್ರಯೋಗಗಳಿಗೆ ಅದು ಅನುಕೂಲವಲ್ಲ.

1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ತಂಡಗಳು ಬೇರೆ ಬೇರೆಯಾಗಿ ತೋರಿಸಿದ ನ್ಯೂಕ್ಲಿಯರ್ ಕಾಂತೀಯ ಅನುರಣನೆ ಅಂಗಾಂಶಕ್ಕೆ ಹಾನಿ ಮಾಡದು. ಆದರೆ ಸಮಸಂಖ್ಯೆಯ ಹೈಡ್ರೊಜನ್ ನ್ಯೂಕ್ಲಿಯಸ್ಸುಗಳಿಗೆ ಹೋಲಿಸಿದರೆ ಪೊಟ್ಯಾಸಿಯಮ್-39ರ ಸಂಕೇತ ಸುಮಾರು 2,000 ಪಟ್ಟು ದುರ್ಬಲ. ಇನ್ನೊಂದು ತೊಡಕು: ಕೋಶದ ಒಳಗಿನ ಅಯಾನೂ ಹೊರಗಿನದೂ ಒಂದೇ ಆವೃತ್ತಿಯಲ್ಲಿ ದನಿಗೂಡಿಸುತ್ತವೆ! 1982ರಲ್ಲಿ ಆರ್. ಕೆ. ಗುಪ್ತ ಮತ್ತು ಪಿ. ಗುಪ್ತ, ಕೋಶದೊಳಗೆ ಹೋಗಲಾರದ ಡಿಸ್ಪ್ರೋಸಿಯಮ್ ಸಂಯುಕ್ತವನ್ನು ಬೆರೆಸಿ, ಹೊರಗಿನ ಸೋಡಿಯಮ್‌ನ ರೋಹಿತರೇಖೆಯನ್ನು ಪಕ್ಕಕ್ಕೆ ಸರಿಸಿದರು. ಉಪಾಯ ಸೊಗಸಾದದ್ದು, ಹೃದಯಕ್ಕೆ ಮಾತ್ರ ಸುಖಕರವಲ್ಲ: ಆ ಸಂಯುಕ್ತ ಕ್ಯಾಲ್ಸಿಯಮ್ಮನ್ನೂ ಹಿಡಿದಿಡುತ್ತದೆ. ಕ್ಯಾಲ್ಸಿಯಮ್ ಇಲ್ಲದೆ ಹೃದಯ ಮಿಡಿಯದೆಂದು ಸಿಡ್ನಿ ರಿಂಗರ್ 1883ರಲ್ಲೇ ತೋರಿಸಿದ್ದರು.

ಆವರ್ತ ಕೋಷ್ಟಕದಲ್ಲಿ ಪೊಟ್ಯಾಸಿಯಮ್‌ನ ಕೆಳಮನೆಯನ್ನು ನೋಡಿ. ಅಲ್ಲಿರುವ ರುಬಿಡಿಯಮ್ಮನ್ನು ಪಂಪ್ ಪೊಟ್ಯಾಸಿಯಮ್ ಎಂದೇ ಭಾವಿಸಿ ಒಳಗೆಳೆದುಕೊಳ್ಳುತ್ತದೆ. ನಿಸರ್ಗದ ರುಬಿಡಿಯಮ್‌ನಲ್ಲಿ ಶೇ. 28ರಷ್ಟಿರುವ ರುಬಿಡಿಯಮ್-87ರ ಸಂಕೇತ ಪೊಟ್ಯಾಸಿಯಮ್‌ನದಕ್ಕಿಂತ ಸುಮಾರು 100 ಪಟ್ಟು ಬಲವಾದದ್ದು. (ಅದೂ ವಿಕಿರಣಶೀಲವೇ, ಆದರೆ ಅರ್ಧಾಯು ಸುಮಾರು 4,900 ಕೋಟಿ ವರ್ಷ, ಹೆದರಬೇಕಿಲ್ಲ.) 1990ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ವಲೇರಿ ಕುಪ್ರಿಯಾನೊವ್ ಮತ್ತು ಸಂಗಡಿಗರು ಈ ದಾರಿ ಹಿಡಿದರು. ದೇಹದಿಂದ ಬೇರ್ಪಡಿಸಿಯೂ ಮಿಡಿಯುತ್ತಿದ್ದ ಇಲಿಯ ಹೃದಯಕ್ಕೆ ಹರಿಸುವ ದ್ರಾವಣದಲ್ಲಿ, ಪೊಟ್ಯಾಸಿಯಮ್‌ನ ಒಂದು ಪಾಲಿನ ಬದಲಿಗೆ ರುಬಿಡಿಯಮ್ ಸೇರಿಸಿದರು. ಅದು ಕೋಶದೊಳಗೇ ಕೂಡಿಕೊಳ್ಳುವುದರಿಂದ ಹೊರಗಿನ ಸಂಕೇತ ನಗಣ್ಯ, ಡಿಸ್ಪ್ರೋಸಿಯಮ್ ಬೇಕಿಲ್ಲ. ಸಂಕೇತ ಏರುವ ವಕ್ರರೇಖೆಯಿಂದ ಒಳಹರಿವಿನ ವೇಗ, ರುಬಿಡಿಯಮ್ ನಿಲ್ಲಿಸಿದ ಮೇಲೆ ಇಳಿಯುವ ರೇಖೆಯಿಂದ ಹೊರಹರಿವಿನ ವೇಗ ದೊರೆಯುತ್ತವೆ. ಪಂಪನ್ನು ತಡೆಯುವ ಔಬೇನ್ ಹಾಕಿದರೆ ಏರಿಕೆ ಕುಗ್ಗುತ್ತದೆ. ಅಳೆಯುತ್ತಿರುವುದು ಪಂಪನ್ನೇ ಎಂಬುದಕ್ಕೆ ಅದೇ ಪುರಾವೆ.

ಆದರೂ ಎರಡು ರೇಖೆಗಳನ್ನು ಒಂದೇ ರೀತಿ ಓದಬೇಡಿ. ಹೊರಹೋಗುವ ಹಾದಿಯಾದ ಪೊಟ್ಯಾಸಿಯಮ್ ನಾಲೆಗಳಲ್ಲಿ ಹಲವು ರುಬಿಡಿಯಮ್‌ಗೆ ಅಷ್ಟು ಸಲೀಸಾಗಿ ದಾರಿ ಬಿಡುವುದಿಲ್ಲ. ಆದ್ದರಿಂದ ಇಳಿಯುವ ರೇಖೆ ಕೊಡುವುದು ರುಬಿಡಿಯಮ್‌ನ ವೇಗ. ಪೊಟ್ಯಾಸಿಯಮ್‌ನದು ಅದಕ್ಕಿಂತ ಹೆಚ್ಚಿರಬಹುದು.