ಪೈನ್ ತೈಲದ ರಾಸಾಯನಿಕ ವೈವಿಧ್ಯ: ಅಧ್ಯಯನದ ಚರಿತ್ರೆ

ಪೈನ್ ಮರದ ಕಾಂಡವನ್ನು ಕಚ್ಚು ಮಾಡಿ ಇಳಿಸಿದ ರಾಳವನ್ನು ಬಟ್ಟಿಗೆ ಹಾಕಿದರೆ ಟರ್ಪೆಂಟೈನ್ ತೈಲ ಬರುತ್ತದೆ, ರೋಸಿನ್ ಉಳಿಯುತ್ತದೆ. ತೈಲದ ಬಹುಭಾಗ ಪೈನೀನ್, ಕ್ಯಾರೀನ್, ಲಿಮೊನೀನ್‌ನಂಥ ಟರ್ಪೀನುಗಳು. ಇವುಗಳ ಪ್ರಮಾಣ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಒಂದೇ ಕಾಡಿನ ಅಕ್ಕಪಕ್ಕದ ಮರಗಳಲ್ಲೂ ಬೇರೆಯಾಗಿರಬಹುದು. ಈ ಎರಡನೆಯ ಸಂಗತಿ ತಡವಾಗಿ ತಿಳಿದದ್ದು ಸಹಜವೇ. ನೂರಾರು ಮರಗಳ ರಾಳವನ್ನು ಒಂದೇ ಪೀಪಾಯಿಗೆ ಸುರಿಯುತ್ತಿದ್ದ ಕಾಲದಲ್ಲಿ ಮರಗಳ ನಡುವಿನ ವ್ಯತ್ಯಾಸ ಕಾಣುವುದಾದರೂ ಹೇಗೆ?

ಮೊದಲ ಸುಳಿವು ಬೆಳಕಿನಿಂದ ಬಂತು. 1815ರಲ್ಲಿ ಫ್ರಾನ್ಸಿನ ಜಾನ್ ಬಾಪ್ಟಿಸ್ಟ್ ಬಿಯೋ ಟರ್ಪೆಂಟೈನ್ ಧ್ರುವೀಕೃತ ಬೆಳಕಿನ ತಲವನ್ನು ತಿರುಗಿಸುವುದನ್ನು ಕಂಡ. ಫ್ರೆಂಚ್ ತೈಲ ಎಡಕ್ಕೆ ತಿರುಗಿಸಿದರೆ ಅಮೆರಿಕದ ತೈಲ ಸಾಮಾನ್ಯವಾಗಿ ಬಲಕ್ಕೆ ತಿರುಗಿಸುತ್ತದೆಂಬುದು ಆಮೇಲೆ ತಿಳಿಯಿತು.

ಎರಡನೆಯ ಪಾಠವನ್ನು ಕಲಿಸಿದ್ದು ಬೆಂಕಿ. 1860ರ ದಶಕದ ಅಮೆರಿಕದ ಅಂತರ್ಯುದ್ಧದಿಂದ ದಕ್ಷಿಣ ರಾಜ್ಯಗಳ ಟರ್ಪೆಂಟೈನ್ ನಿಂತುಹೋದಾಗ ಕ್ಯಾಲಿಫೋರ್ನಿಯಾದವರು ತಮ್ಮ ಕಾಡುಗಳತ್ತ ತಿರುಗಿದರು. ಅಲ್ಲಿನ ಪಾಂಡೆರೋಸಾ ಪೈನ್ ಮತ್ತು ಜೆಫ್ರಿ ಪೈನ್ ನೋಡಲು ಒಂದೇ ತರಹ. ಆದರೆ ಜೆಫ್ರಿ ಪೈನಿನ ತೈಲದಲ್ಲಿ ಟರ್ಪೀನು ಇಲ್ಲವೆನ್ನುವಷ್ಟು ಕಡಿಮೆ. ಅದು ಹೆಚ್ಚುಕಡಿಮೆ ಶುದ್ಧ ಹೆಪ್ಟೇನ್. ಪೈನೀನ್ ಸುಮಾರು 155 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಹೆಪ್ಟೇನ್ 98ರಲ್ಲೇ ಕುದಿಯುತ್ತದೆ. ತಪ್ಪು ಮರದ ರಾಳ ಬೆರೆತ ಬಟ್ಟಿಗಳು ಸ್ಫೋಟಗೊಂಡವು. 1879ರಲ್ಲಿ ಇಂಗ್ಲೆಂಡಿನ ಟಿ. ಇ. ಥಾರ್ಪ್, ಹತ್ತಿರದ ಇನ್ನೊಂದು ಪ್ರಭೇದವಾದ ಪೈನಸ್ ಸಬಿನಿಯಾನಾದ ತೈಲವೂ ಹೆಪ್ಟೇನೇ ಎಂದು ತೋರಿಸಿದ. ಅರ್ಧ ಶತಮಾನದ ನಂತರ ಪೆಟ್ರೋಲಿನ ಆಕ್ಟೇನ್ ಮಾಪನ ರೂಪುಗೊಂಡಾಗ ಅದರ ಸೊನ್ನೆಯ ಗುರುತಿಗೆ ಬಳಸಿದ್ದು ಜೆಫ್ರಿ ಪೈನಿನಿಂದ ತೆಗೆದ ಹೆಪ್ಟೇನನ್ನೇ.

ಭಾರತದ ಕೊಡುಗೆ ಹಿಮಾಲಯದ ಚೀಡ್ ಪೈನ್ ಮರದ್ದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಜೆ. ಎಲ್. ಸೈಮನ್‌ಸೆನ್ 1920ರಲ್ಲಿ ಅದರ ತೈಲದಿಂದ ಕ್ಯಾರೀನ್ ಮತ್ತು ಲಾಂಗಿಫೋಲೀನ್‌ಗಳನ್ನು ಬೇರ್ಪಡಿಸಿದ. ಪೈನೀನ್ ಕಡಿಮೆ, ಬೇಗ ಉತ್ಕರ್ಷಣೆಗೊಳ್ಳುವ ಕ್ಯಾರೀನ್ ಹೆಚ್ಚು ಎಂಬ ಕಾರಣಕ್ಕೆ ವ್ಯಾಪಾರಿಗಳು ಈ ತೈಲವನ್ನು ಕೀಳೆಂದು ಬಗೆದರು. ರಸಾಯನಶಾಸ್ತ್ರಕ್ಕೆ ಅದೇ ಲಾಭವಾಯಿತು. ಸೈಮನ್‌ಸೆನ್ 1925ರಿಂದ ಮೂರು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ.

ಪ್ರಭೇದಗಳನ್ನು ಒಟ್ಟಾಗಿ ಹೋಲಿಸಿದ ಹಿರಿಮೆ ರಷ್ಯಾ ಮೂಲದ ಎನ್. ಟಿ. ಮಿರೋವ್‌ಗೆ ಸಲ್ಲುತ್ತದೆ. ಕ್ಯಾಲಿಫೋರ್ನಿಯಾದ ಪ್ಲಾಸರ್‌ವಿಲ್ ಅರಣ್ಯ ತಳಿವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು ಅವರು 1961ರಲ್ಲಿ ಜಗತ್ತಿನ ಬಹುಪಾಲು ಪೈನ್‌ಗಳ ತೈಲಗಳ ವಿವರ ಪ್ರಕಟಿಸಿದರು. ಆದರೂ ಅದು ಬಹುತೇಕ ಬೆರಕೆ ಮಾದರಿಗಳ ಲೆಕ್ಕ. 1952ರಲ್ಲಿ ಬಂದ ಅನಿಲ ವರ್ಣಲೇಖನ ವಿಧಾನದಿಂದ ಕೆಲವೇ ಹನಿ ರಾಳ ಸಾಕಾಯಿತು, ಒಂಟಿ ಮರವೇ ಅಧ್ಯಯನದ ಘಟಕವಾಯಿತು. ಪಾಂಡೆರೋಸಾ ಕಾಡುಗಳ ಮರಗಳನ್ನು ಹೀಗೆ ಪರೀಕ್ಷಿಸಿದ ರಿಚರ್ಡ್ ಸ್ಮಿತ್, ಐದು ಟರ್ಪೀನುಗಳ ಪ್ರಮಾಣ ಪ್ರದೇಶಕ್ಕೊಂದು ಬಗೆಯಾಗಿರುವುದನ್ನು 1977ರಲ್ಲಿ ವಿವರಿಸಿದ. ತೊಗಟೆ ಕೊರೆಯುವ ಜೀರುಂಡೆಗಳಿಗೆ ಲಿಮೊನೀನ್ ಹೆಚ್ಚು ವಿಷಕಾರಿ ಎಂಬುದೂ ಆತನ ಪ್ರಯೋಗಗಳಿಂದಲೇ ಹೊರಬಿತ್ತು. ಇತ್ತ ಫಿನ್ಲೆಂಡಿನಲ್ಲಿ ಸ್ಕಾಟ್ಸ್ ಪೈನ್ ಮರಗಳು ಕ್ಯಾರೀನ್ ಹೆಚ್ಚಿರುವವು, ಕಡಿಮೆ ಇರುವವು ಎಂದು ಸ್ಪಷ್ಟವಾಗಿ ಬೇರೆಯಾಗುವುದು ಕಂಡುಬಂತು.

ಇಂಥ ಪ್ರಮಾಣಗಳಿಗೆ ಮಣ್ಣು, ಹವೆಗಿಂತ ವಂಶವಾಹಿಗಳೇ ಹೆಚ್ಚು ಕಾರಣ. ಹಾಗಾಗಿ ತೈಲವೇ ಮರದ ಕುಲಚರಿತ್ರೆಯಾಯಿತು. 1980ರಲ್ಲಿ ಜಿ. ಐ. ಫಾರೆಸ್ಟ್, ಸ್ಕಾಟ್ಲೆಂಡಿನಲ್ಲಿ ಉಳಿದ ಹಳೆಯ ಪೈನ್ ತೋಪುಗಳನ್ನು ಟರ್ಪೀನುಗಳ ಆಧಾರದಲ್ಲಿ ವಿಂಗಡಿಸಿದಾಗ ವಾಯವ್ಯದ ಶೀಲ್ಡೇಗ್, ಲಾಕ್ ಮರೀ ಸುತ್ತಲಿನ ಮರಗಳು ಉಳಿದವಕ್ಕಿಂತ ಬೇರೆಯಾಗಿ ನಿಂತವು. ಆಯಾ ಪ್ರದೇಶದ ಬೀಜವನ್ನು ಅಲ್ಲಿಯೇ ಬಿತ್ತಬೇಕೆಂಬ ಅರಣ್ಯ ನೀತಿಗೆ ಈ ವಿಂಗಡಣೆ ಆಧಾರವಾಯಿತು. ಇದರ ಮೇಲೆ ಅತಿಯಾಗಿ ಭಾರ ಹಾಕುವುದು ಮಾತ್ರ ಸರಿಯಲ್ಲ: ಒಂದೇ ಮರದ ಎಲೆಯ ತೈಲವೂ ಕಾಂಡದ ತೈಲವೂ ಬೇರೆ, ಮತ್ತು ಕೀಟಗಳ ಕಾಟವೂ ಪೀಳಿಗೆಗಳುದ್ದಕ್ಕೂ ಕೆಲವು ಬಗೆಯ ಮರಗಳನ್ನು ಆಯ್ದು ಉಳಿಸಬಲ್ಲದು. ಆದರೆ 1990ರ ದಶಕದ ಡಿಎನ್‌ಎ ಅಧ್ಯಯನಗಳಲ್ಲಿಯೂ ಸ್ಕಾಟ್ಲೆಂಡಿನ ಪಶ್ಚಿಮದ ಕೆಲವು ಕಾಡುಗಳು ಪೂರ್ವದವುಗಳಿಂದ ಪ್ರತ್ಯೇಕವಾಗಿಯೇ ಕಂಡವು.